ಇಪ್ಪತ್ತು ಅಕ್ಷರಗಳ ಮಂತ್ರ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಜನಸ್ತೋಮವನ್ನು ಒಮ್ಮೆ ಕಂಡವರು ಮರೆಯಲಾರರು. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಸಂದಣಿಯೂ ಆ ಕೂಗಿಗೆ ಸ್ತಬ್ಧವಾಗುತ್ತದೆ. ಆಮೇಲೆ ಒಂದೇ ಒಂದು ನುಡಿ. ನುಡಿದವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಕಾರಣಿಕ ಅಲ್ಲಿಗೆ ಮುಗಿಯಿತು. ಆದರೆ ಜನರ ಕೆಲಸ ಆರಂಭವಾಗುವುದು ಆಗಲೇ. ಆ ನುಡಿ ಮಳೆಯನ್ನು ಕುರಿತದ್ದೋ, ಬೆಳೆಯನ್ನು ಕುರಿತದ್ದೋ, ಆಳುವವರನ್ನು ಕುರಿತದ್ದೋ? ಊರಿಗೆ ಮರಳುವ ದಾರಿಯುದ್ದಕ್ಕೂ ಅದೇ ಮಾತು. ಒಬ್ಬನು ಒಂದು ಪದವನ್ನು ಹಿಡಿಯುತ್ತಾನೆ, ಇನ್ನೊಬ್ಬನು ಹಿಂದಿನ ವರ್ಷದ ನುಡಿಯನ್ನು ನೆನಪಿಸುತ್ತಾನೆ, ಹಿರಿಯನೊಬ್ಬನು ಎರಡನ್ನೂ ಕೂಡಿಸಿ ಅರ್ಥ ಹೇಳುತ್ತಾನೆ.

ಒಬ್ಬರಿಗೆ ಬಿಡಿಸಲಾಗದ ಒಗಟನ್ನು ಹತ್ತು ಜನ ಕೂಡಿ ಬಿಡಿಸುವ ಈ ಪದ್ಧತಿ ಈ ಸೀಮೆಗೆ ಹೊಸದಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಈ ಪ್ರದೇಶ 1953ರ ಅಕ್ಟೋಬರ್ 1ರವರೆಗೆ ಮದ್ರಾಸು ರಾಜ್ಯಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತೆಲುಗು, ಸರಕಾರದ ಮೇಲಿನ ಕಾಗದಗಳಲ್ಲಿ ಇಂಗ್ಲಿಷು. ತಾಲ್ಲೂಕು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವವರಿಂದಲೇ ಎಷ್ಟೋ ಮನೆಗಳ ವ್ಯವಹಾರ ನಡೆಯುತ್ತಿತ್ತು. ಕಾಗದದಲ್ಲಿ ಏನು ಬರೆದಿದೆಯೆಂಬುದು ತಿಳಿಯದಿದ್ದರೂ ಹೆಬ್ಬೆಟ್ಟು ಒತ್ತಬೇಕಾದ ಜಾಗವೆಲ್ಲಿ ಎಂಬುದನ್ನು ಅವರು ತೋರಿಸಿಕೊಡುತ್ತಿದ್ದರು.

ಅದೇ ಸಮಸ್ಯೆ ಈಗ ಹೊಸದೊಂದು ವೇಷದಲ್ಲಿ ಮಕ್ಕಳ ಮುಂದೆ ಬಂದು ನಿಂತಿದೆ.

ಒಂದು ಮನೆ, ಒಂದು ಯಂತ್ರ

ಕೊಟ್ಟೂರಿನ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಉದ್ಯೋಗದ ಮೇಲೆ ಟೋಕಿಯೋಗೆ ಹೋಗಿದ್ದ ಚಿಕ್ಕಪ್ಪ ಅಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಿಂದ ಅಣ್ಣನ ಮಗನಿಗೆಂದು ಒಂದು ಆಟದ ಯಂತ್ರವನ್ನು ತಂದಿದ್ದಾನೆ. ಅದು ನಿಂಟೆಂಡೊ ಕಂಪನಿಯ ‘ಫ್ಯಾಮಿಲಿ ಕಂಪ್ಯೂಟರ್’. 1983ರ ಜುಲೈಯಲ್ಲಿ ಜಪಾನಿನ ಮಾರುಕಟ್ಟೆಗೆ ಬಂದದ್ದು. ಜೊತೆಗೆ ಆಟದ ಒಂದು ಪೆಟ್ಟಿಗೆ. ಆಟದ ಹೆಸರು ‘ಡ್ರ್ಯಾಗನ್ ಕ್ವೆಸ್ಟ್’. 1986ರ ಮೇ 27ರಂದು ಎನಿಕ್ಸ್ ಕಂಪನಿಯವರು ಹೊರತಂದ ಈ ಆಟವನ್ನು ರಚಿಸಿದವರು ಹೊರಿಯಿ ಯೂಜಿ. ಚಿತ್ರಗಳು ತೋರಿಯಾಮ ಅಕಿರ ಅವರವು. ಸಂಗೀತ ಸುಗಿಯಾಮ ಕೋಯಿಚಿ ಅವರದು.

ಮೊದಲಿಗೆ ಒಂದು ಎಚ್ಚರಿಕೆ. ಜಪಾನಿನ ಮನೆಗಳಲ್ಲಿ ಹರಿಯುವ ವಿದ್ಯುತ್ತು 100 ವೋಲ್ಟಿನದು. ಇಲ್ಲಿಯದು 230 ವೋಲ್ಟು. ಅಲ್ಲಿಂದ ತಂದ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಿದರೆ ಆಟ ಆರಂಭವಾಗುವ ಮೊದಲೇ ಮುಗಿದಂತೆ. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ಮೊದಲು ಕೊಳ್ಳಬೇಕು. ಹಳೆಯ ಮಾದರಿಗಿಂತ 1993ರಲ್ಲಿ ಬಂದ ಹೊಸ ಮಾದರಿಯೇ ಟೆಲಿವಿಷನ್ನಿಗೆ ಜೋಡಿಸಲು ಸುಲಭ.

ಆ ತೊಡಕು ನಿವಾರಣೆಯಾಯಿತೆಂದು ಇಟ್ಟುಕೊಂಡರೆ, ನಿಜವಾದ ತೊಡಕು ಆಮೇಲೆ ಎದುರಾಗುತ್ತದೆ. ಇದು ಚೆಂಡನ್ನು ಹೊಡೆಯುವ ಆಟವಲ್ಲ, ಓಡುವ ಆಟವೂ ಅಲ್ಲ. ಆಡುವವನು ಕಥೆಯ ನಾಯಕನ ಪಾತ್ರವನ್ನು ವಹಿಸಿ, ಊರೂರು ತಿರುಗಿ, ಕಂಡವರನ್ನು ಮಾತನಾಡಿಸಿ, ಅವರು ಹೇಳಿದ ಗುಟ್ಟನ್ನು ಹಿಡಿದು ಮುಂದಕ್ಕೆ ಸಾಗಬೇಕಾದ ಆಟ. ಇದರ ಜೀವಾಳವೇ ಮಾತು. ಆ ಮಾತೆಲ್ಲ ಜಪಾನೀ ಭಾಷೆಯಲ್ಲಿದೆ. ಹುಡುಗನು ಒಂದು ಗಳಿಗೆ ಪರದೆಯನ್ನು ನೋಡಿ, “ಅಕ್ಕಾ, ಇದು ನಮಗಲ್ಲ ಬಿಡು” ಎಂದು ಯಂತ್ರವನ್ನು ಬದಿಗೆ ಸರಿಸುತ್ತಾನೆ.

ಈ ಒಂದು ಮಾತೇ ಚಿಂತಿಸಬೇಕಾದದ್ದು. ಆಟ ಹೋದರೆ ಹೋಗಲಿ. ಆದರೆ ‘ಓದಲು ಬಾರದ್ದು ನಮಗಲ್ಲ’ ಎಂಬ ತೀರ್ಮಾನ ಹತ್ತು ವರ್ಷದ ಮನಸ್ಸಿನಲ್ಲಿ ಒಮ್ಮೆ ಬೇರೂರಿದರೆ ಅದು ಆಟಕ್ಕಷ್ಟೇ ನಿಲ್ಲುವುದಿಲ್ಲ. ನಾಳೆ ಇಂಗ್ಲಿಷಿನ ಪುಸ್ತಕದ ಮುಂದೆಯೂ, ನಾಡಿದ್ದು ಪರಸ್ಥಳದ ಕಚೇರಿಯ ಮುಂದೆಯೂ ಅದೇ ತೀರ್ಮಾನ ಎದ್ದು ನಿಲ್ಲುತ್ತದೆ.

ಬೀಗ ಹಾಕಿದ ಕೋಣೆ

ಇಂಥ ಸಮಯದಲ್ಲಿ ಹಿರಿಯರು ನೀಡಬಹುದಾದ ಸಹಾಯ ಎರಡು ಬಗೆಯದು. ಮೊದಲನೆಯದು ಅರ್ಜಿ ಬರೆಯುವವನ ಸಹಾಯ: ‘ಇಲ್ಲಿ ಒತ್ತು, ಅಲ್ಲಿ ತಿರುಗು, ಮೂರು ಹೆಜ್ಜೆ ಮುಂದಕ್ಕೆ ಹೋಗು’. ಇದರಿಂದ ಕೆಲಸವಾಗುತ್ತದೆ, ಆದರೆ ಹೇಳಿದ ದಾರಿಯಿಂದ ಒಂದು ಹೆಜ್ಜೆ ತಪ್ಪಿದರೂ ಹುಡುಗನು ಮತ್ತೆ ಕುರುಡ. ಎರಡನೆಯದು ಅಕ್ಷರ ಕಲಿಸುವವನ ಸಹಾಯ. ಅದಕ್ಕೆ ಮೊದಲು ತುಸು ಹೆಚ್ಚು ಹೊತ್ತು ಬೇಕು. ಆಮೇಲೆ ಸಹಾಯಕನೇ ಬೇಡ.

ಸಂತೋಷದ ಸಂಗತಿಯೆಂದರೆ, ಡ್ರ್ಯಾಗನ್ ಕ್ವೆಸ್ಟನ್ನು ರಚಿಸಿದವರು ಅಂಥ ಆಟಗಳ ಪರಿಚಯವೇ ಇಲ್ಲದ ಜಪಾನೀ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದುದರಿಂದ ಕಥೆ ಆರಂಭವಾಗುವುದು ರಾಜನ ಸಭಾಭವನದಲ್ಲಿ. ಅದರ ಬಾಗಿಲಿಗೆ ಬೀಗ. ಒಳಗೆ ಮೂರು ಪೆಟ್ಟಿಗೆಗಳು: ಒಂದರಲ್ಲಿ ಹಣ, ಒಂದರಲ್ಲಿ ಪಂಜು, ಒಂದರಲ್ಲಿ ಬೀಗದಕೈ. ಪೆಟ್ಟಿಗೆಯಲ್ಲಿರುವುದನ್ನು ತೆಗೆದುಕೊಳ್ಳುವುದು, ಬಾಗಿಲು ತೆರೆಯುವುದು, ಮೆಟ್ಟಿಲಿಳಿಯುವುದು—ಈ ಮೂರನ್ನು ಕಲಿಯದೆ ಯಾರೂ ಆ ಕೋಣೆಯಿಂದ ಹೊರಬೀಳುವಂತಿಲ್ಲ. ತಪ್ಪಿದರೆ ಯಾವ ಹಾನಿಯೂ ಇಲ್ಲ. ಕೋಣೆಯೇ ಗುರು.

ಹುಡುಗನ ಕೈಗೆ ಕೊಡಬೇಕಾದದ್ದು ಅರ್ಧ ಹಾಳೆಯ ಒಂದು ಪಟ್ಟಿ ಮಾತ್ರ. ಆಟದ ಆಜ್ಞೆಗಳು ಒಟ್ಟು ಎಂಟು. ‘ಹನಸು’ ಎಂದರೆ ಮಾತನಾಡು. ‘ಶಿರಬೆರು’ ಎಂದರೆ ಹುಡುಕಿ ನೋಡು. ‘ತೊರು’ ಎಂದರೆ ತೆಗೆದುಕೋ. ಕನ್ನಡದ ‘ತೋರು’ ಎಂಬುದರೊಡನೆ ಇದನ್ನು ಬೆರೆಸಬಾರದು. ‘ತೊಬಿರ’ ಬಾಗಿಲು, ‘ಕೈದಾನ್’ ಮೆಟ್ಟಿಲು, ‘ದೋಗು’ ಉಪಕರಣ, ‘ಜುಮೊನ್’ ಮಂತ್ರ, ‘ತ್ಸುಯೊಸ’ ನಾಯಕನ ಬಲಾಬಲ. ಕಾಳಗ ಬಂದಾಗ ‘ತತಕಾವು’ ಎಂದರೆ ಹೋರಾಡು, ‘ನಿಗೆರು’ ಎಂದರೆ ಓಡಿಹೋಗು. ಯಾರಾದರೂ ಪ್ರಶ್ನೆ ಕೇಳಿದರೆ ‘ಹೈ’ ಎಂಬುದು ಹೌದು, ‘ಈಯೆ’ ಎಂಬುದು ಅಲ್ಲ.

ಮಾತನಾಡಬೇಕಾದರೆ ಯಾವ ದಿಕ್ಕಿನವರೊಡನೆ ಎಂಬುದನ್ನೂ ಆಟ ಕೇಳುತ್ತದೆ. ‘ಕಿತ’ ಉತ್ತರ, ‘ಮಿನಮಿ’ ದಕ್ಷಿಣ, ‘ಹಿಗಶಿ’ ಪೂರ್ವ, ‘ನಿಶಿ’ ಪಶ್ಚಿಮ. ನಾಲ್ಕು ದಿಕ್ಕುಗಳ ಹೆಸರು ಬಂದರೆ ಅರ್ಧ ಭೂಪಟ ಕೈಗೆ ಬಂದಂತೆ. ಅಂಕಿಗಳ ಚಿಂತೆ ಇಲ್ಲವೇ ಇಲ್ಲ. ಅವು ಪಾಠಶಾಲೆಯ ಗಣಿತದಲ್ಲಿರುವ 1, 2, 3ಗಳೇ.

ಪರದೆಯ ಮೇಲೆ ಕಾಗುಣಿತ

ಇನ್ನು ಅಕ್ಷರಗಳು. ಜಪಾನೀ ಬರವಣಿಗೆಯೆಂದರೆ ಸಾವಿರಾರು ಚಿತ್ರಾಕ್ಷರಗಳೆಂದು ಜನ ಬೆದರುತ್ತಾರೆ. ಬೆದರಿಕೆ ನಿರಾಧಾರವೂ ಅಲ್ಲ. ನಿತ್ಯಬಳಕೆಗೆಂದು ಅಲ್ಲಿನ ಸರಕಾರ 2010ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 2136 ‘ಕಾಂಜಿ’ಗಳಿವೆ. ಆದರೆ 1986ರ ಯಂತ್ರದಲ್ಲಿ ಅವುಗಳಿಗೆ ಜಾಗವೇ ಇರಲಿಲ್ಲ. ಇಡೀ ಆಟಕ್ಕೆ ದೊರೆತ ಸ್ಥಳ 64 ಕಿಲೋಬೈಟು. ಇಂದಿನ ದೂರವಾಣಿಯಲ್ಲಿ ತೆಗೆದ ಒಂದು ಭಾವಚಿತ್ರ ಅದಕ್ಕಿಂತ ಹಲವು ಪಟ್ಟು ದೊಡ್ಡದು. ಆದ್ದರಿಂದ ಆಟವನ್ನೆಲ್ಲ ‘ಹಿರಗಾನ’ ಎಂಬ ಧ್ವನ್ಯಕ್ಷರಗಳಲ್ಲಿ ಬರೆದರು. ಅದರ ಮೂಲಾಕ್ಷರಗಳು 46. ಪರಭಾಷೆಯ ಪದಗಳಿಗೆ ಬಳಸುವ ‘ಕತಾಕಾನ’ದಿಂದ ಸುಮಾರು ಇಪ್ಪತ್ತನ್ನು ಮಾತ್ರ ಆರಿಸಿಕೊಂಡು, ಆ ಅಕ್ಷರಗಳಲ್ಲಿ ಬರೆಯಬಹುದಾದ ಹೆಸರುಗಳನ್ನೇ ರಾಕ್ಷಸರಿಗೆ ಇಟ್ಟರು.

ಆಟವನ್ನು ತೆರೆದೊಡನೆ ನಾಯಕನಿಗೆ ಒಂದು ಹೆಸರಿಡಬೇಕು. ಆಗ ಪರದೆಯ ಮೇಲೆ ಅಕ್ಷರಗಳ ಪಟ್ಟಿಯೊಂದು ಮೂಡುತ್ತದೆ. ಹುಡುಗನು ‘ಇದು ನಮಗಲ್ಲ’ ಎಂದು ಎದ್ದುಹೋದದ್ದು ಈ ಪಟ್ಟಿಯನ್ನು ಕಂಡು. ಆದರೆ ಆ ಪಟ್ಟಿಯನ್ನು ಓದಿಸಿದರೆ ಕೇಳಿಬರುವುದೇನು? ಮೊದಲ ಸಾಲು: ಅ, ಇ, ಉ, ಎ, ಒ. ಎರಡನೆಯದು: ಕ, ಕಿ, ಕು, ಕೆ, ಕೊ. ಅನಂತರ ಸ, ತ, ನ, ಹ, ಮ, ಯ, ರ, ವ. ಕೊಟ್ಟೂರಿನ ಯಾವ ಅಂಗನವಾಡಿಯ ಮಗುವಿಗಾದರೂ ಈ ಕ್ರಮದಲ್ಲಿ ಪರಿಚಿತವಾದದ್ದೊಂದು ಕೇಳಿಸದೆ ಇರದು. ಅದು ಕಾಗುಣಿತ.

ಇದು ಆಕಸ್ಮಿಕವಲ್ಲ. ಬೌದ್ಧಧರ್ಮದೊಡನೆ ಸಂಸ್ಕೃತದ ವರ್ಣಮಾಲೆಯೂ ‘ಸಿದ್ಧಂ’ ಲಿಪಿಯ ರೂಪದಲ್ಲಿ ಚೀನಾದ ಮಾರ್ಗವಾಗಿ ಜಪಾನನ್ನು ಸೇರಿತು. ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷು 736ರಲ್ಲಿ ಆ ನಾಡನ್ನು ಮುಟ್ಟಿ, 752ರಲ್ಲಿ ನಾರಾ ನಗರದ ಮಹಾಬುದ್ಧ ವಿಗ್ರಹದ ನೇತ್ರೋನ್ಮೀಲನವನ್ನು ನೆರವೇರಿಸಿದನು. 806ರಲ್ಲಿ ಚೀನಾದಿಂದ ಹಿಂದಿರುಗಿದ ಕೂಕಾಯಿ ಎಂಬ ಜಪಾನೀ ಆಚಾರ್ಯನು ಸಿದ್ಧಂ ಗ್ರಂಥಗಳನ್ನು ತಂದನು. ಮಠಗಳಲ್ಲಿ ನಡೆದ ಆ ಲಿಪಿಯ ವ್ಯಾಸಂಗದ ಫಲವಾಗಿ ಜಪಾನೀಯರು ತಮ್ಮ ಅಕ್ಷರಗಳನ್ನೂ ಭಾರತದ ಕ್ರಮದಲ್ಲಿ ಜೋಡಿಸಿದರು. ಕವರ್ಗದ ಬಳಿಕ ಚವರ್ಗವಿರಬೇಕಾದ ಕಡೆ ‘ಸ’ ಇರುವುದು ಏಕೆ? ಹಿಂದಿನ ಕಾಲದಲ್ಲಿ ಆ ಅಕ್ಷರದ ಉಚ್ಚಾರಣೆ ‘ಚ’ಕಾರಕ್ಕೆ ಸಮೀಪವಾಗಿತ್ತು. ‘ಪ’ ಇರಬೇಕಾದ ಕಡೆ ‘ಹ’ ಏಕೆ? ಅದು ಮೊದಲು ‘ಪ’ವೇ ಆಗಿತ್ತು. ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯವೇನು? ಹಳಗನ್ನಡದ ‘ಪಾಲು’ ‘ಹಾಲು’ ಆದದ್ದೂ ಹಾಗೆಯೇ.

ಇನ್ನೂ ಒಂದು ಅನುಕೂಲವಿದೆ. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ಕನ್ನಡದಲ್ಲಿ ಇವೆ, ಜಪಾನಿಯಲ್ಲೂ ಇವೆ. ಕನ್ನಡ ಸ್ವರಮಾಲೆಯಲ್ಲಿ ದೀರ್ಘಗಳನ್ನೂ ಋ, ಐ, ಔಗಳನ್ನೂ ಬಿಟ್ಟರೆ ಉಳಿಯುವುದು ಜಪಾನಿನ ಐದು ಸ್ವರಗಳೇ. ಅಕ್ಷರದ ಮೇಲೆ ಎರಡು ಸಣ್ಣ ಗೀಟುಗಳನ್ನಿಟ್ಟರೆ ‘ಕ’ ‘ಗ’ವಾಗುತ್ತದೆ, ‘ತ’ ‘ದ’ವಾಗುತ್ತದೆ. ‘ಲ’ ಮಾತ್ರ ಇಲ್ಲ. ಅದರ ಸ್ಥಾನವನ್ನು ‘ರ’ ತುಂಬುತ್ತದೆ. ನಾಯಕನ ಹೆಸರಿಗೆ ನಾಲ್ಕೇ ಅಕ್ಷರಗಳ ಮಿತಿ. ಹರಿ ಎಂಬ ಹುಡುಗನ ಹೆಸರು ಹಾಗೆಯೇ ಕೂರುತ್ತದೆ. ಕಮಲ ಎಂಬ ಅಕ್ಕ ಅಲ್ಲಿ ‘ಕಮರ’ ಆಗಬೇಕು. ಅದನ್ನು ಕಂಡು ತಮ್ಮ ನಕ್ಕರೆ, ಪಾಠಕ್ಕೆ ಅಷ್ಟು ಲಾಭವೇ.

ವಾಕ್ಯದ ಕೊನೆಯಲ್ಲಿ ಕ್ರಿಯಾಪದ

ಅಕ್ಷರ ಬಂದಮೇಲೆ ವಾಕ್ಯ. ಇಂಗ್ಲಿಷು ಕಲಿಯುವ ಕನ್ನಡದ ಮಗು ಪ್ರತಿಯೊಂದು ವಾಕ್ಯವನ್ನೂ ತಲೆಕೆಳಗು ಮಾಡಿಕೊಳ್ಳಬೇಕು. ಜಪಾನಿಯಲ್ಲಿ ಆ ಕಷ್ಟ ಬಹಳ ಕಡಿಮೆ. ಇಂಥ ಆಟಗಳಲ್ಲಿ ಹಳ್ಳಿಯ ಮುದುಕರು ಹೇಳುವ ಬಗೆಯ ಒಂದು ವಾಕ್ಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು: ‘ಹಿಗಶಿ ನೊ ದೋಕುತ್ಸು ನಿ ಕಗಿ ಗ ಅರು’. ‘ಹಿಗಶಿ ನೊ’ ಎಂದರೆ ಪೂರ್ವದ. ‘ದೋಕುತ್ಸು ನಿ’ ಎಂದರೆ ಗುಹೆಯಲ್ಲಿ. ‘ಕಗಿ ಗ’ ಎಂದರೆ ಬೀಗದಕೈ. ‘ಅರು’ ಎಂದರೆ ಇದೆ. ಪೂರ್ವದ ಗುಹೆಯಲ್ಲಿ ಬೀಗದಕೈ ಇದೆ. ಒಂದು ಪದವನ್ನೂ ಸ್ಥಳದಿಂದ ಕದಲಿಸದೆ ಕನ್ನಡವಾಯಿತು. ವಿಭಕ್ತಿ ಪದದ ಹಿಂದೆ ಬರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ, ‘ಎಂದು’ ಎಂಬುದಕ್ಕೂ ಅಲ್ಲಿ ‘ತೊ’ ಎಂಬ ಜೊತೆಗಾರನಿದ್ದಾನೆ. ಇದರಿಂದ ಎರಡು ಭಾಷೆಗಳು ಒಡಹುಟ್ಟಿದವೆಂದು ಹೇಳಲಾಗದು. ಜಪಾನೀ ಭಾಷೆಗೂ ತಮಿಳಿಗೂ ನಂಟುಂಟೆಂದು ಓನೊ ಸುಸುಮು ಎಂಬ ವಿದ್ವಾಂಸರು ವಾದಿಸಿದರಾದರೂ ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ನಂಟು ಇರಲಿ ಇಲ್ಲದಿರಲಿ, ನಡಿಗೆ ಒಂದೇ ಬಗೆಯದು. ಜೊತೆಯಲ್ಲಿ ನಡೆಯುವವನಿಗೆ ಅಷ್ಟು ಸಾಕು.

ತಪ್ಪಿದರೆ ಎಲ್ಲವೂ ಹೋಯಿತು

ಈಗ ಆಟದ ಅತ್ಯಂತ ಕಠಿನವಾದ ಘಟ್ಟ. ಈ ಮೊದಲ ಡ್ರ್ಯಾಗನ್ ಕ್ವೆಸ್ಟಿನಲ್ಲಿ, ಆಡಿದಷ್ಟನ್ನು ನೆನಪಿಟ್ಟುಕೊಳ್ಳುವ ಶಕ್ತಿ ಪೆಟ್ಟಿಗೆಗೆ ಇರಲಿಲ್ಲ. ಸಂಜೆ ಯಂತ್ರವನ್ನು ಆರಿಸುವ ಮೊದಲು ರಾಜನ ಬಳಿಗೆ ಹಿಂದಿರುಗಬೇಕು. ಆತ ಇಪ್ಪತ್ತು ಅಕ್ಷರಗಳ ಒಂದು ಮಂತ್ರವನ್ನು ಹೇಳುತ್ತಾನೆ. ಅದರ ಹೆಸರು ‘ಪುನರುಜ್ಜೀವನದ ಮಂತ್ರ’. ಅದನ್ನು ಕಾಗದದ ಮೇಲೆ ಬರೆದುಕೊಂಡು, ಮರುದಿನ ಅಕ್ಷರ ಅಕ್ಷರವಾಗಿ ಹಿಂದಕ್ಕೆ ಒಪ್ಪಿಸಿದರೆ ಆಟ ನಿಂತ ಕಡೆಯಿಂದ ಮುಂದುವರಿಯುತ್ತದೆ. ಒಂದೇ ಒಂದು ಅಕ್ಷರ ತಪ್ಪಿದರೆ ‘ಜುಮೊನ್ ಗ ಚಿಗೈಮಸು’ ಎಂಬ ಉತ್ತರ: ಮಂತ್ರ ತಪ್ಪಾಗಿದೆ. ವಾರದ ದುಡಿಮೆ ಗಾಳಿಪಾಲು. ಜಪಾನಿನ ಮಕ್ಕಳೇ ಈ ವಾಕ್ಯವನ್ನು ಕಂಡು ಕಣ್ಣೀರಿಟ್ಟದ್ದುಂಟು.

ತಪ್ಪುಗಳು ಹುಟ್ಟುವುದು ಹೋಲುವ ಅಕ್ಷರಗಳಿಂದ. ‘ರು’ ಎಂಬುದರ ಬಾಲದಲ್ಲಿ ಸಣ್ಣ ಕುಣಿಕೆಯಿದೆ, ‘ರೊ’ ಎಂಬುದರಲ್ಲಿ ಇಲ್ಲ. ‘ನು’ ಮತ್ತು ‘ಮೆ’ಗಳ ಭೇದವೂ ಒಂದು ಕುಣಿಕೆಯದೇ. ‘ಹ’ಕ್ಕಿಂತ ‘ಹೊ’ಗೆ ಒಂದು ಅಡ್ಡಗೀಟು ಹೆಚ್ಚು, ‘ಸ’ಕ್ಕಿಂತ ‘ಕಿ’ಗೂ ಹಾಗೆಯೇ. ಕನ್ನಡದಲ್ಲಿ ‘ದ’ ಮತ್ತು ‘ಧ’ಗಳ ನಡುವಣ ಒಂದು ಸೀಳಿಗಾಗಿ ಎಷ್ಟು ಮಕ್ಕಳ ಅಂಕಗಳು ಹೋಗಿಲ್ಲ!

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಉಪಾಯವಿದೆ. ಚೌಕಳಿ ಹಾಳೆಯ ನೋಟ್‌ಪುಸ್ತಕವೊಂದನ್ನು ಇದಕ್ಕಾಗಿಯೇ ಇಡಬೇಕು. ಪರದೆಯ ಮೇಲೆ ಮಂತ್ರವು 5, 7, 5, 3 ಅಕ್ಷರಗಳ ತುಂಡುಗಳಾಗಿ ಬರುತ್ತದೆ. ಮೊದಲ ಮೂರು ತುಂಡುಗಳು ಜಪಾನಿನ ಹಾಯಿಕು ಪದ್ಯದ ಅಳತೆಯವೇ. ಪುಸ್ತಕದಲ್ಲಿಯೂ ಹಾಗೆಯೇ ಬರೆಯಬೇಕು. ಪ್ರತಿಯೊಂದು ಜಪಾನೀ ಅಕ್ಷರದ ಕೆಳಗೆ ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆಯಬೇಕು. ಬರೆದಮೇಲೆ ತಮ್ಮನು ಪರದೆಯನ್ನು ನೋಡಿ ಗಟ್ಟಿಯಾಗಿ ಓದಬೇಕು, ಅಕ್ಕನು ಕನ್ನಡದ ಸಾಲನ್ನು ನೋಡಿ ಸರಿಯೆನ್ನಬೇಕು. ಆಕಾರದಲ್ಲಿ ಮೋಸಹೋದ ಕಣ್ಣನ್ನು ಕಿವಿ ಹಿಡಿದು ನಿಲ್ಲಿಸುತ್ತದೆ. ದೂರವಾಣಿಯಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಸಾಲದೇ ಎಂದು ಕೇಳುವವರುಂಟು. ತೆಗೆದುಕೊಳ್ಳಲಿ. ಆದರೆ ಮರುದಿನ ಆ ಇಪ್ಪತ್ತು ಅಕ್ಷರಗಳನ್ನೂ ಪಟ್ಟಿಯಲ್ಲಿ ಹುಡುಕಿ ಒತ್ತಬೇಕಲ್ಲ! ಪಟ್ಟಿಯ ಕ್ರಮ ತಿಳಿದವನಿಗೆ ಅದು ಎರಡು ನಿಮಿಷದ ಕೆಲಸ. ತಿಳಿಯದವನಿಗೆ ಸಂತೆಯಲ್ಲಿ ಕಳೆದ ಕಾಸನ್ನು ಹುಡುಕಿದಂತೆ.

ಹಿಂದೆ ಬರುವವರಿಗಾಗಿ

ಅನುವಾದ ಬರುವವರೆಗೆ ಕಾಯಬಾರದೇ ಎಂದರೆ, ಕಾದವರ ಕಥೆಯನ್ನೂ ಕೇಳಬೇಕು. ಡ್ರ್ಯಾಗನ್ ಕ್ವೆಸ್ಟು ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಹೋದದ್ದು 1989ರಲ್ಲಿ. 1992ರ ‘ಫೈನಲ್ ಫ್ಯಾಂಟಸಿ’ ಐದನೆಯ ಭಾಗವನ್ನು ಅದರ ಒಡೆಯರು ಇಂಗ್ಲಿಷಿನಲ್ಲಿ ಹೊರತಂದದ್ದು 1999ರಲ್ಲಿ. 1995ರ ‘ಸೇಕೆನ್ ದೆನ್ಸೆತ್ಸು’ ಮೂರನೆಯ ಭಾಗ 2019ರವರೆಗೆ, ಎಂದರೆ 24 ವರ್ಷ, ಕಾಯಿಸಿತು. ಅಭಿಮಾನಿಗಳು ಅಷ್ಟು ಕಾಲ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮೊದಲು ದಾರಿಯನ್ನು ಬರೆದಿಟ್ಟರು, ಆಮೇಲೆ ಪದಪಟ್ಟಿಗಳನ್ನು ಮಾಡಿದರು, ಕೊನೆಗೆ ತಾವೇ ಅನುವಾದಕ್ಕೆ ಕೈಹಾಕಿದರು. 2006ರಲ್ಲಿ ಜಪಾನಿನಲ್ಲಿ ಬಂದ ‘ಮದರ್’ ಮೂರನೆಯ ಭಾಗವನ್ನು 2008ರ ಅಕ್ಟೋಬರಿನಲ್ಲಿ ಇಂಗ್ಲಿಷಿಗೆ ತಂದವರು ಅಂಥ ಹವ್ಯಾಸಿಗಳೇ. ಅದಕ್ಕಾಗಿ ಅವರಿಗೆ ಯಾರೂ ಸಂಬಳ ಕೊಡಲಿಲ್ಲ.

ಅವರೆಲ್ಲ ಕಾದದ್ದು ಇಂಗ್ಲಿಷಿಗಾಗಿ. ಕನ್ನಡದಲ್ಲಿ ಇಂಥ ದೊಡ್ಡ ಆಟ ದೊರೆಯುವುದು ತೀರ ಅಪರೂಪ. ಹಗರಿಬೊಮ್ಮನಹಳ್ಳಿಯ ಮಗು ಆಡುವ ಆಟ ಇಂಗ್ಲಿಷಿನದಾಗಲಿ ಜಪಾನಿಯದಾಗಲಿ, ಅದು ಯಾವಾಗಲೂ ಪರರ ಮಾತಿನ ಆಟವೇ. ಆದುದರಿಂದ ಪರರ ಮಾತಿನೊಳಗೆ ದಾರಿ ಮಾಡಿಕೊಳ್ಳುವ ವಿದ್ಯೆ ಇಲ್ಲಿಯ ಮಕ್ಕಳಿಗೆ ವಿಲಾಸವಲ್ಲ, ಅವಶ್ಯಕತೆ. ತಂದೆತಾಯಿಗಳು ಹೊತ್ತಿನ ಮಿತಿಯನ್ನು ಹಾಕಲಿ. ದಿನಕ್ಕೆ ಒಂದು ಗಂಟೆ ಸಾಕು. ಆದರೆ ಆ ಒಂದು ಗಂಟೆಯಲ್ಲಿ ನೋಟ್‌ಪುಸ್ತಕ ತೆರೆದಿರಲಿ, ಪಕ್ಕದಲ್ಲಿ ಇನ್ನೊಬ್ಬರು ಕುಳಿತಿರಲಿ.

ಕೊಟ್ಟೂರಿನ ಆ ಮನೆಗೆ ಮತ್ತೊಮ್ಮೆ ಹೋದರೆ, ಯಂತ್ರದ ಮುಂದೆ ಅಕ್ಕ ತಮ್ಮಂದಿರು ಕುಳಿತಿದ್ದಾರೆ. ರಾಜನು ಮಂತ್ರ ಹೇಳಿದ್ದಾನೆ. ತಮ್ಮನು ಓದುತ್ತಾನೆ, ಅಕ್ಕನು ಪೆನ್ಸಿಲಿನ ತುದಿಯಿಂದ ಒಂದೊಂದೇ ಅಕ್ಷರವನ್ನು ಮುಟ್ಟುತ್ತಾಳೆ. ಹದಿಮೂರನೆಯದರಲ್ಲಿ ತಡೆ.

“ಅದು ರೊ ಅಲ್ಲ ಕಣೋ, ರು. ಬಾಲ ನೋಡು.”

“ಹೌದಕ್ಕ, ಕುಣಿಕೆ ಐತಿ.”

ಅಳಿಸಿ, ತಿದ್ದಿ, ಮತ್ತೆ ಮೊದಲಿನಿಂದ ಓದುತ್ತಾರೆ. ಒಳಗಿನಿಂದ ಅಜ್ಜಿ, “ಇದೇನು ಮಂತ್ರ ಹೇಳಾಕ ಹತ್ತೀರಿ?” ಎಂದು ಕೇಳುತ್ತಾಳೆ. ಹುಡುಗನು ಪುಸ್ತಕದ ಮೊದಲ ಪುಟಕ್ಕೆ ಹಿಂದಿರುಗಿ, ‘ಹನಸು ಎಂದರೆ ಮಾತನಾಡು’ ಎಂಬ ಸಾಲಿನ ಮೇಲೆ ದಪ್ಪಕ್ಷರದಲ್ಲಿ ಒಂದು ಶೀರ್ಷಿಕೆಯನ್ನು ಬರೆಯುತ್ತಿದ್ದಾನೆ. ಪಕ್ಕದ ಮನೆಯ ಗೆಳೆಯನೂ ನಾಳೆ ಆಡಬೇಕೆಂದಿದ್ದಾನೆ. ಅವನಿಗೂ ಜಪಾನೀ ಬಾರದು.